ಪಕ್ಕೀರಮ್ಮನವರ ಮೊಣಕಾಲುಗಳ ಕುರಿತು

ಅಂಗಚಲನ ಮೌಲ್ಯಮಾಪನ ಕೋಶ
ಹಗರಿಬೊಮ್ಮನಹಳ್ಳಿ

ಸಂಖ್ಯೆ: ಅಂಚಮೌಕೋ/ಮೊಣಕಾಲು/೨ ಅಥವಾ ೪/೨೦೨೫-೨೬

ಸುತ್ತೋಲೆ

ವಿಷಯ: ಮೊಬೈಲ್ ಕ್ಯಾಮೆರಾ ಮುಂದೆ ವ್ಯಾಯಾಮ ಮಾಡುವಾಗ ನೌಕರರು ತಮ್ಮ ಮೊಣಕಾಲುಗಳನ್ನು ಸ್ವಂತ ಜವಾಬ್ದಾರಿಯ ಮೇಲೆ ಹಾಜರುಪಡಿಸುವ ಬಗ್ಗೆ.

ಉಲ್ಲೇಖ: (೧) ಡಿ ದರ್ಜೆ ನೌಕರರಾದ ಶ್ರೀಮತಿ ಪಕ್ಕೀರಮ್ಮನವರ ಮನವಿ. (೨) ಅದೇ ಮನವಿ, ಮತ್ತೊಮ್ಮೆ. (೩) ಅದೇ ಮನವಿ, ಸ್ವಲ್ಪ ಗಟ್ಟಿ ದನಿಯಲ್ಲಿ.

ಪ್ರಸ್ತಾವನೆ:

ಕಸಬರಿಗೆ, ನೀರಿನ ಕೊಡ, ಕಡತದ ಗಂಟು ಹೊತ್ತು ಈ ಕಚೇರಿಯ ಮೂರನೇ ಮಹಡಿಯ ತನಕ ದಿನವಿಡೀ ಹತ್ತಿಳಿಯುವ ಪಕ್ಕೀರಮ್ಮನವರು, ಮೊಣಕಾಲು ನೋವಿನಿಂದ ಜೀವ ಹೈರಾಣಾಗಿದೆ, ನೆಲಮಹಡಿಯಲ್ಲೇ ಕೆಲಸ ಕೊಡಿ ಎಂದು ಕೋರಿರುತ್ತಾರೆ. ಪಾಪ, ಕೋರಿಕೆ ಚಿಕ್ಕದೇ. ಆದರೆ ನೋವೆಂಬುದು ಹೇಳುವವರ ಬಾಯಲ್ಲಷ್ಟೇ ಇರುವ ಸಂಗತಿಯಾದ್ದರಿಂದ, ಬಾಯಿಯ ಬದಲು ಕ್ಯಾಮೆರಾವನ್ನು ನಂಬಲು ತೀರ್ಮಾನಿಸಲಾಯಿತು. ವ್ಯಾಯಾಮ ಮಾಡುವವರ ಕೈಕಾಲು ಎಷ್ಟು ಮಡಚುತ್ತವೆ, ಎಲ್ಲಿ ತಡವರಿಸುತ್ತವೆ ಎಂದು ನೋಡಿ ಅಂಕ ಕೊಡುವ ಆ್ಯಪ್ ಒಂದನ್ನು ಕಚೇರಿಯ ಮೊಬೈಲಿಗೆ ಹಾಕಿಸಲಾಯಿತು.

ಪಕ್ಕೀರಮ್ಮನವರು ಕಚೇರಿಯ ಹಿತ್ತಲಲ್ಲಿ ನಿಂತು, ಹೇಳಿದಂತೆ ಕೂತು ಎದ್ದರು. ಏಳುವಾಗ ಕಣ್ಣಲ್ಲಿ ನೀರು ಬಂದದ್ದು ನಿಜ. ಕಣ್ಣೀರು ಆ್ಯಪ್‌ನ ವ್ಯಾಪ್ತಿಗೆ ಬರುವುದಿಲ್ಲ. ಹಿಮ್ಮಡಿ ಮುಟ್ಟುವ ಇಳಕಲ್ ಸೀರೆಯೊಳಗೆ ಕ್ಯಾಮೆರಾಕ್ಕೆ ಏನೂ ಕಾಣದೆ, ‘ಮೊಣಕಾಲು ಪತ್ತೆಯಾಗಿಲ್ಲ’ ಎಂದು ವರದಿ ಬಂದಿತು. ಇಲ್ಲದ ಮೊಣಕಾಲು ನೋಯಲು ನಿಯಮಗಳಲ್ಲಿ ಅವಕಾಶವಿಲ್ಲವಾಗಿ ಮನವಿಯನ್ನು ತಿರಸ್ಕರಿಸಲಾಯಿತು. “ಮೊಣಕಾಲು ಅದಾವ್ರಿ ಸಾಹೇಬ್ರ. ನೋಯ್ತಾವಲ್ರಿ, ಅದಕ್ಕ ನನಗ ಗೊತ್ತು” ಎಂಬ ಅವರ ವಾದವನ್ನು ದಾಖಲೆಯ ಬೆಂಬಲವಿಲ್ಲದ್ದೆಂದು ಕೈಬಿಡಲಾಯಿತು.

ಅವರು ಪಟ್ಟು ಬಿಡದ ಕಾರಣ ಮರುಪರೀಕ್ಷೆ ನಡೆಸಲಾಯಿತು. ಈ ಸಲ ಮೊಬೈಲಿಗೆ ಹೊಸ ಸ್ಟ್ಯಾಂಡ್ ಬಂದಿತ್ತು. ಹೊಸ ಸಾಮಾನು ಬಂದರೆ ಪೂಜೆ ಮಾಡದೆ ಬಿಡುವ ಪೈಕಿ ನಮ್ಮ ಸಿಬ್ಬಂದಿಯಲ್ಲ. ಮೂರೆಳೆ ವಿಭೂತಿಯನ್ನು ಸರಿಯಾಗಿ ಕ್ಯಾಮೆರಾ ಕಣ್ಣಿನ ಮೇಲೆಯೇ ಎಳೆದಿದ್ದರು. ಆ ಮಬ್ಬಿನಲ್ಲಿ ಪಕ್ಕೀರಮ್ಮನವರೂ, ಅದೇ ಹೊತ್ತಿಗೆ ಹಿತ್ತಲಿಗೆ ನುಗ್ಗಿದ ತಂಬ್ರಹಳ್ಳಿಯ ಉಚ್ಚಂಗೆಪ್ಪನವರ ಕುರಿಯೂ ಒಂದೇ ಆಗಿ ಕಂಡು, ಪಕ್ಕೀರಮ್ಮನವರಿಗೆ ನಾಲ್ಕು ಮೊಣಕಾಲುಗಳಿವೆ, ನಾಲ್ಕೂ ಗಟ್ಟಿಮುಟ್ಟಾಗಿವೆ, ಜಿಗಿತ ಅತ್ಯುತ್ತಮ ಎಂದು ವರದಿ ಬಂದಿದೆ. ವರದಿಯನ್ನು ಅಂಗೀಕರಿಸಲಾಗಿದೆ.

ಆದ್ದರಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ:

೧. ಮೊಬೈಲಿಗೆ ಪೂಜೆ ಮಾಡಲು ಆಕ್ಷೇಪವಿಲ್ಲ. ವಿಭೂತಿಯನ್ನು ಸ್ಟ್ಯಾಂಡಿಗೆ ಮಾತ್ರ ಹಚ್ಚತಕ್ಕದ್ದು. ತೆಂಗಿನಕಾಯಿಯನ್ನು ಮೊಬೈಲಿನ ಮೇಲೆ ಒಡೆಯತಕ್ಕದ್ದಲ್ಲ.

೨. ಸೀರೆ, ಧೋತರ ಉಟ್ಟವರು ಮೊಣಕಾಲು ಇರಬಹುದಾದ ಜಾಗದಲ್ಲಿ ಬಟ್ಟೆಯ ಮೇಲೆ ದುಂಡನೆಯ ಕುಂಕುಮದ ಬೊಟ್ಟು ಇಡತಕ್ಕದ್ದು. ಬೊಟ್ಟು ಜಾರಿದಲ್ಲಿ ಮೊಣಕಾಲೇ ಜಾರಿದೆ ಎಂದು ಪರಿಗಣಿಸಲಾಗುವುದು.

೩. ನೋವಿರುವವರು ಕಚೇರಿ ವೇಳೆಯಲ್ಲಿ, ಕ್ಯಾಮೆರಾಕ್ಕೆ ಎದುರಾಗಿ ನೋಯತಕ್ಕದ್ದು. ಮನೆಗೆ ಹೋದ ಮೇಲೆ ಹೆಚ್ಚುವ ನೋವು ಅವರವರ ಕೌಟುಂಬಿಕ ವಿಷಯವಾಗಿರುತ್ತದೆ.

೪. ಪರೀಕ್ಷೆಯ ಹೊತ್ತಿನಲ್ಲಿ ಹಿತ್ತಲಿಗೆ ಬರುವ ಕುರಿಗಳು ಕೊರಳಲ್ಲಿ ಗುರುತಿನ ಚೀಟಿ ಧರಿಸಿರತಕ್ಕದ್ದು. ಚೀಟಿಯನ್ನು ತಿಂದುಹಾಕಿದಲ್ಲಿ ಇನ್ನೊಂದನ್ನು ಕೊಡಲಾಗುವುದಿಲ್ಲ.

೫. ಪಕ್ಕೀರಮ್ಮನವರಲ್ಲಿ ಎರಡು ಮೊಣಕಾಲು ಹೆಚ್ಚುವರಿಯಾಗಿ ಕಂಡುಬಂದಿರುವುದರಿಂದ, ಮಾಳಿಗೆಯ ಮೇಲಿನ ನೀರಿನ ಟ್ಯಾಂಕ್ ತೊಳೆಯುವ ಕೆಲಸವನ್ನೂ ಅವರಿಗೇ ವಹಿಸಲಾಗಿದೆ.

೬. ಕೋಶದ ಮುಖ್ಯಸ್ಥರಿಗೂ ಇತ್ತೀಚೆಗೆ ಮೊಣಕಾಲು ನೋವು ಕಾಣಿಸಿಕೊಂಡಿರುತ್ತದೆ. ಖುದ್ದು ಅವರೇ ಹೇಳಿರುವುದರಿಂದ ಕ್ಯಾಮೆರಾದ ಅಗತ್ಯ ಕಂಡುಬಂದಿಲ್ಲ. ಅವರ ಕೊಠಡಿಯನ್ನು ಅಂದೇ ಮೂರನೇ ಮಹಡಿಯಿಂದ ನೆಲಮಹಡಿಗೆ ಇಳಿಸಲಾಗಿದೆ. ಮೇಜು ಕುರ್ಚಿಗಳನ್ನು ಪಕ್ಕೀರಮ್ಮನವರು ಇಳಿಸಿರುತ್ತಾರೆ. ಹೀಗಾಗಿ ನೆಲಮಹಡಿಯಲ್ಲಿ ಇನ್ನು ಯಾರಿಗೂ ಜಾಗವಿಲ್ಲ.

೭. ಕೋಶದ ಮೊಹರು ಬೀಳದ ಹೊರತು ಈ ಸುತ್ತೋಲೆ ಜಾರಿಗೆ ಬರತಕ್ಕದ್ದಲ್ಲ.

ಸಹಿ/-
(ಗುರುಬಸವರಾಜ)
ಮುಖ್ಯಸ್ಥರು
(ಕುಳಿತಲ್ಲಿಯೇ ಸಹಿ ಮಾಡಲಾಗಿದೆ)

ಪ್ರತಿಗಳು:

ಶ್ರೀ ಉಚ್ಚಂಗೆಪ್ಪ, ತಂಬ್ರಹಳ್ಳಿ: ಸಂಬಂಧಪಟ್ಟ ಕುರಿಗೆ ಓದಿ ಹೇಳಲು.

ಆ್ಯಪ್: ಮಾಹಿತಿಗಾಗಿ, ಕಣ್ಣಿಗೆ ಕಂಡಲ್ಲಿ.

ಶ್ರೀಮತಿ ಪಕ್ಕೀರಮ್ಮ: ಕೊಠಡಿ ಇಳಿಸುವಾಗ ಮೊಹರು ಮೂರನೇ ಮಹಡಿಯಲ್ಲೇ ಉಳಿದಿರುವುದರಿಂದ, ಸುತ್ತೋಲೆಯನ್ನು ಮೇಲಕ್ಕೆ ಒಯ್ದು ಮೊಹರು ಹಾಕಿಸಿ ತರಲು.

ಗುಮಾಸ್ತ ಭೀಮೇಶ್ ಅವರ ಷರಾ: ಮೊಹರು ಇನ್ನೂ ಬಿದ್ದಿಲ್ಲ. ಪಕ್ಕೀರಮ್ಮನವರು ಸುತ್ತೋಲೆಯನ್ನು ಮಡಿಲಲ್ಲಿಟ್ಟುಕೊಂಡು ಬೆಳಿಗ್ಗೆಯಿಂದ ಮೊದಲನೇ ಮೆಟ್ಟಿಲ ಮೇಲೆ ಕೂತಿರುತ್ತಾರೆ. ವಿಚಾರಿಸಲಾಗಿ, “ನನ್ನ ಮೊಣಕಾಲು ಉಚ್ಚಂಗೆಪ್ಪನ ಹೊಲದಾಗ ಮೇಯಾಕ ಹೋಗ್ಯಾವ್ರಿ. ಬಂದ ಮ್ಯಾಲ ಹತ್ತತೀನಿ” ಎಂದು ತಿಳಿಸಿರುತ್ತಾರೆ. ವರದಿಯೊಂದಿಗೆ ತಾಳೆ ನೋಡಲಾಗಿ, ಅವರ ಹೇಳಿಕೆ ಸರಿಯಾಗಿದೆ.