ದೊಡ್ಡಕ್ಕನಿಗೆ ಗೊತ್ತಾಗಬಾರದು

ನನಗೆ ಅರಳುಮರುಳು ಎಂದು ಬೆನ್ನ ಹಿಂದೆ ಆಡಿಕೊಳ್ಳುವವರೆಲ್ಲ ಮೊದಲು ಬಾಯಿ ಮುಚ್ಚಿಕೊಂಡು ಇದನ್ನು ಕೇಳಿ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತೇನೆ, ಒಪ್ಪಿದೆ. ಮೊಮ್ಮಕ್ಕಳ ಹೆಸರು ಅದಲುಬದಲಾಗುತ್ತದೆ, ಅದನ್ನೂ ಒಪ್ಪಿದೆ. ಆದರೆ ಚಾದರಣ್ಣನ ವಿಷಯದಲ್ಲಿ ನನ್ನ ನೆನಪಿಗೆ ತುಕ್ಕು ಹಿಡಿದಿಲ್ಲ. ಆಗ ನಾನು ಕಾಲು ಮುರಿದುಕೊಂಡು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಮಲಗಿದ್ದೆ. ಕಾಲು ಕಟ್ಟಿಹಾಕಿದವನಿಗೆ ಕಣ್ಣು, ಕಿವಿ ಎರಡೂ ದುಪ್ಪಟ್ಟು ಕೆಲಸ ಮಾಡುತ್ತವೆ.

ಚಾದರಣ್ಣ ಎಂದರೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಬಟ್ಟೆ ಸ್ಟೋರಿನವನು. ಒಗೆದ ಚಾದರ, ದಿಂಬಿನ ಚೀಲ ಮಡಿಸಿ ವಾರ್ಡುಗಳಿಗೆ ಕಳಿಸುವುದು ಅವನ ಕೆಲಸ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಆ ಸ್ಟೋರಿಗೆ ಒಂದು ಕಿಟಕಿಯೂ ಇಲ್ಲ. ಗೋಡೆಯ ಮೇಲೆ ಎಮ್ಮೆಯ ಆಕಾರದ ಒದ್ದೆ ಕಲೆ. ವರ್ಷಕ್ಕೊಂದು ಕರು ಹಾಕುತ್ತಿತ್ತು. ಒಂದು ಸಲ ಅವನ ಚಪ್ಪಲಿಯಲ್ಲೇ ಅಣಬೆ ಎದ್ದಿತ್ತು. ಬಿಸಿಲು ನೋಡಬೇಕೆಂದರೆ ಪುಣ್ಯಾತ್ಮ ರಜ ಹಾಕಬೇಕು.

ಆ ದಿನ ಬೆಳಿಗ್ಗೆ ದೊಡ್ಡ ಡಾಕ್ಟರು, ಅಂದರೆ ಆಸ್ಪತ್ರೆಯ ಮುಖ್ಯಸ್ಥರು, ಅವನನ್ನು ಕರೆಸಿ ಬಾಗಿಲು ಹಾಕಿದರು. ನಾನು ಕಣ್ಣಾರೆ ಕಾಣದ್ದೆಲ್ಲ ಆಮೇಲೆ ಅವನೇ ಹೇಳಿದ್ದು.

"ಇವತ್ತು ನಾಲ್ಕು ಗಂಟೆಗೆ ಮೇಲಿನ ಸಭಾಂಗಣದಲ್ಲಿ ದೊಡ್ಡಕ್ಕನಿಗೆ ಸನ್ಮಾನ. ಅವರಿಗೆ ಗೊತ್ತಾಗಬಾರದು. ಕರ್ಕೊಂಡು ಬರೋದು ನಿನ್ನ ಜವಾಬ್ದಾರಿ."

"ನಾನೇ ಯಾಕೆ ಸಾರ್?"

"ನಿನ್ನ ಮುಖ ನೋಡಿದ್ರೆ ಒಳಗೆ ಗುಟ್ಟಿದೆ ಅನ್ನಿಸಲ್ಲ. ಏನಾದ್ರೂ ಇದೆ ಅಂತಾನೇ ಅನ್ನಿಸಲ್ಲ. ಮುಂಬಾಗಿಲ ವಿಚಾರಣೆ ಕೌಂಟರು ಖಾಲಿ ಬಿದ್ದಿದೆಯಲ್ಲ, ಕೆಲಸ ಆಯ್ತು ಅನ್ನು, ನಾಳೆಯಿಂದ ಅಲ್ಲಿ ನೀನೇ."

ಆ ಕೌಂಟರಿನ ಪಕ್ಕದಲ್ಲಿ ಗೋಡೆಯಗಲದ ಕಿಟಕಿ. ಚಾದರಣ್ಣ ಕುತ್ತಿಗೆ ಉಳುಕುವಷ್ಟು ಜೋರಾಗಿ ತಲೆಯಾಡಿಸಿದ.

ಗುಟ್ಟು ಯಾಕೆಂದರೆ, ನಮ್ಮ ವಾರ್ಡಿನ ಹೆಡ್ ನರ್ಸ್ ದೊಡ್ಡಕ್ಕನಿಗೆ ಹೊಗಳಿಕೆ ಎಂದರೆ ಬೆಕ್ಕಿಗೆ ಸ್ನಾನ ಎಂದ ಹಾಗೆ. ಹೋದ ವರ್ಷ ಸುದ್ದಿ ಮೊದಲೇ ತಿಳಿದು, "ನನಗಿಂತ ಇವಳು ಜಾಸ್ತಿ ದುಡೀತಾಳೆ" ಎಂದು ಮಕ್ಕಳ ವಾರ್ಡಿನ ಹುಡುಗಿಯನ್ನು ವೇದಿಕೆಗೆ ತಳ್ಳಿ ತಾವು ಯಾರದೋ ಗಾಯ ತೊಳೆಯಲು ಓಡಿದ್ದರು. ಹೊಸ ನರ್ಸ್ ಒಬ್ಬಳು ಸೂಜಿ ಚುಚ್ಚಲು ಹೆದರಿ ಅತ್ತಾಗ ತಮ್ಮ ತೋಳನ್ನೇ ಚಾಚಿ, "ಇಲ್ಲಿ ಚುಚ್ಚಿ ಕಲಿ, ನಾನು ಅರಚಲ್ಲ" ಎಂದದ್ದನ್ನು ನಾನೇ ಕಂಡಿದ್ದೇನೆ. ನನ್ನ ಪಕ್ಕದ ಮಂಚದ ಮುದುಕ ಮೀಸೆ ಬಾಚದೆ ತುತ್ತು ಮುಟ್ಟುತ್ತಿರಲಿಲ್ಲ. ದಿನಾ ಬಾಚಿದವರು ದೊಡ್ಡಕ್ಕ. ದೊಡ್ಡ ಡಾಕ್ಟರು ಹುಡುಗಿಯರ ಮೇಲೆ ರೇಗಿದರೆ, "ವಾರ್ಡು ನಂದು, ಬೈಯೋದಿದ್ರೆ ನನ್ನ ಬೈಯಿರಿ" ಎಂದು ನಡುವೆ ನಿಲ್ಲುತ್ತಿದ್ದರು. ಅಂಥವರನ್ನು ಮೋಸದಿಂದಲೇ ಸನ್ಮಾನಿಸಬೇಕು.

ಮಧ್ಯಾಹ್ನ ಚಾದರಣ್ಣ ಚಾದರದ ಗಂಟು ಹೊತ್ತು ನಮ್ಮ ವಾರ್ಡಿಗೆ ಬಂದ.

"ಅಕ್ಕ, ನಾಲ್ಕಕ್ಕೆ ಮೇಲೆ ಕಾಫಿ ಕೊಡ್ತಾರಂತೆ. ಹೋಗಿ ಬರೋಣ."

"ನಿಮ್ಮ ಪಾಲಿನ ಜೊತೆ ನನ್ನದೂ ಕುಡೀರಿ ಅಣ್ಣ. ಮಕ್ಕಳ ವಾರ್ಡಿನ ಹುಡುಗಿಗೆ ಹಲ್ಲುನೋವಂತೆ. ನಾಲ್ಕಕ್ಕೆ ಅವಳ ವಾರ್ಡು ನಾನು ನೋಡ್ಕೋತೀನಿ ಅಂದಿದೀನಿ."

ಚಾದರಣ್ಣ ಮಕ್ಕಳ ವಾರ್ಡಿಗೆ ಓಡಿದ. ಹಲ್ಲುನೋವಿನವಳು ಕನ್ನಡಿಯ ಮುಂದೆ ನಿಂತು ಹಾಡು ಗುನುಗುತ್ತ ತಲೆ ಬಾಚುತ್ತಿದ್ದಳು.

"ಹಲ್ಲು ಹೆಂಗಿದೆಯಮ್ಮ?"

"ಸುಮ್ನಿರಿ ಚಾದರಣ್ಣ. ಕಾರ್ಯಕ್ರಮಕ್ಕೆ ಹೋಗಬೇಡವಾ? ವಾರ್ಡು ಬಿಟ್ಟು ಹೋಗೋಕಾಗುತ್ತಾ? ಅಕ್ಕನ ಬಿಟ್ಟರೆ ಯಾರು ಒಪ್ಕೋತಾರೆ?"

"ಸನ್ಮಾನ ಅಕ್ಕನಿಗೇ ಅಲ್ಲವೇನಮ್ಮ?"

ಬಾಚಣಿಗೆ ಕೂದಲಲ್ಲೇ ನಿಂತಿತು. "ಅಯ್ಯೋ, ಹೌದಲ್ಲ. ಹೆಂಗಸರ ವಾರ್ಡಿನವರೂ ಅಕ್ಕನಿಗೇ ಒಪ್ಪಿಸಿದ್ದಾರೆ. ಅತ್ತೆ ಬರ್ತಾರೆ ಅಂತ ಹೇಳಿದ್ರಂತೆ. ಆಪರೇಷನ್ ವಾರ್ಡಿನವರ ಮನೇಲಿ ನಲ್ಲಿ ಒಡೆದಿದೆಯಂತೆ."

ಲೆಕ್ಕ ಇಷ್ಟೇ. ಗುಟ್ಟು ಕಾಪಾಡುವ ಭರದಲ್ಲಿ ಒಬ್ಬೊಬ್ಬರೂ ಒಂದೊಂದು ಸುಳ್ಳು ಹೇಳಿ ತಮ್ಮ ವಾರ್ಡನ್ನು ದೊಡ್ಡಕ್ಕನ ತಲೆಗೆ ಕಟ್ಟಿದ್ದರು. ನಾಲ್ಕು ಗಂಟೆಗೆ ಇಡೀ ಆಸ್ಪತ್ರೆ ಸಭಾಂಗಣದಲ್ಲಿ, ಸನ್ಮಾನಿತರೊಬ್ಬರೇ ಡ್ಯೂಟಿಯಲ್ಲಿ.

ನಿಮ್ಮ ನಿಮ್ಮ ವಾರ್ಡಿಗೆ ವಾಪಸ್ ಹೋಗಿ ಎಂದು ಚಾದರಣ್ಣ ಬೇಡಿಕೊಂಡರೆ ಯಾರೂ ಕೇಳಲಿಲ್ಲ. "ಹೂಗುಚ್ಛ ಕೊಡೋಳು ನಾನು" ಎಂದಳು ಒಬ್ಬಳು. "ಅಕ್ಕನ ಬಗ್ಗೆ ಹಾಡು ಕಟ್ಟಿರೋಳು ನಾನು" ಎಂದಳು ಇನ್ನೊಬ್ಬಳು. ಚಾದರಣ್ಣನ ಕಣ್ಣೆದುರೇ ಕಿಟಕಿ ಮುಚ್ಚಿಕೊಳ್ಳತೊಡಗಿತು. ಕೊನೆಗೆ ಸಭಾಂಗಣದ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ಬಿದ್ದ. ದೊಡ್ಡಕ್ಕ ಓಡಿ ಬರುತ್ತಾರೆ, ಬಂದವರನ್ನು ಒಳಗೆ ಎಳೆದರಾಯಿತು ಎಂಬ ಉಪಾಯ. ದೊಡ್ಡಕ್ಕ ಬರಲಿಲ್ಲ, ಸ್ಟ್ರೆಚರ್ ಕಳಿಸಿದರು. ಐದು ನಿಮಿಷದಲ್ಲಿ ಅವನು ನನ್ನ ಇನ್ನೊಂದು ಪಕ್ಕದ ಖಾಲಿ ಮಂಚದ ಮೇಲೆ, ತಾನೇ ಮಡಿಸಿದ ಚಾದರ ಹೊದ್ದು, ಬಾಯಲ್ಲಿ ಥರ್ಮಾಮೀಟರ್ ಕಚ್ಚಿಕೊಂಡು ಮಲಗಿದ್ದ.

ದೊಡ್ಡಕ್ಕ ಹೊಟ್ಟೆ ಒತ್ತಿ ನೋಡಿ ಮಂಚದ ಅಂಚಿಗೆ ಕೂತರು. "ಇದು ಹೊಟ್ಟೆನೋವಲ್ಲ ಅಣ್ಣ. ಮನಸ್ಸಿಗೆ ಏನೋ ಆಗಿದೆ. ಏನದು, ಹೇಳಿ."

ಗೋಡೆಯ ಗಡಿಯಾರ ನಾಲ್ಕರ ಹತ್ತಿರ ಬಂದಿತ್ತು. ಆಗ ಅವನಿಗೆ ಹೊಳೆಯಿತು. ಈ ಹೆಂಗಸು ತನಗಾಗಿ ಒಂದು ಹೆಜ್ಜೆ ಇಡುವವರಲ್ಲ. ಇನ್ನೊಬ್ಬರಿಗಾದರೆ ಬೆಂಕಿಗೂ ಇಳಿಯುತ್ತಾರೆ. ಥರ್ಮಾಮೀಟರ್ ಉಗಿದ.

"ನನ್ನ ಸ್ಟೋರಿಂದ ತೆಗೀತಿದಾರೆ ಅಕ್ಕ. ಮುಂಬಾಗಿಲಿಗೆ ಹಾಕ್ತಾರಂತೆ. ನಾಲ್ಕು ಗಂಟೆಗೆ ಮೇಲೆ ತೀರ್ಮಾನ. ಆ ನೆಲಮಾಳಿಗೆ ಬಿಟ್ಟು ನಾನು ಬದುಕಲ್ಲ. ನನ್ನ ಪರ ಮಾತಾಡೋಕೆ ಒಬ್ಬರೂ ಇಲ್ಲ."

ದೊಡ್ಡಕ್ಕ ಎದ್ದು ಸೆರಗು ಬಿಗಿದರು. ಫೋನೆತ್ತಿ ವಾರ್ಡಿಗೊಬ್ಬ ಡಾಕ್ಟರನ್ನು ಕರೆದರು. "ಅರ್ಧ ಗಂಟೆ ನಿಮ್ಮ ರೋಗಿಗಳ ಹತ್ರ ನೀವೇ ಕೂತಿರಿ ಡಾಕ್ಟ್ರೇ. ಅವರೇನು ಕಚ್ಚಲ್ಲ." ಸಭಾಂಗಣದ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ ಡಾಕ್ಟರುಗಳು ಕೆಳಗಿಳಿದು ಬಂದರು. ನಮ್ಮ ವಾರ್ಡಿಗೆ ಬಂದ ಮೂಳೆ ಡಾಕ್ಟರಿಗೆ ಮಂಚದ ತಲೆಭಾಗ ಎತ್ತಲು ಬರಲಿಲ್ಲ, ನಾನೇ ಕಲಿಸಿಕೊಟ್ಟೆ.

"ಅಜ್ಜ, ನೀವೂ ಬನ್ನಿ. ನಿಮ್ಮ ಬಾಯಿ ಜೋರು, ಬೇಕಾಗುತ್ತೆ" ಎಂದು ದೊಡ್ಡಕ್ಕ ನನ್ನನ್ನೂ ಗಾಲಿಕುರ್ಚಿಗೆ ಏರಿಸಿದರು. ತಳ್ಳಿದವನು ಚಾದರಣ್ಣ. ಮದುವೆ ಗಂಡಿನ ಮುಖದಲ್ಲೂ ಅಂಥ ಕಳೆ ನಾನು ನೋಡಿಲ್ಲ.

ನಾವು ಒಳಗೆ ಕಾಲಿಟ್ಟದ್ದೇ ಸಭೆ ಎದ್ದು ಚಪ್ಪಾಳೆ ತಟ್ಟಿತು. ಹಲ್ಲುನೋವಿನವಳು ಅಷ್ಟೂ ಹಲ್ಲು ಬಿಟ್ಟು ನಗುತ್ತಿದ್ದಳು. "ನಿಮ್ಮನ್ನೆಲ್ಲ ಆಮೇಲೆ ವಿಚಾರಿಸ್ಕೋತೀನಿ" ಎಂದ ದೊಡ್ಡಕ್ಕ ನೆಟ್ಟಗೆ ವೇದಿಕೆ ಹತ್ತಿ ದೊಡ್ಡ ಡಾಕ್ಟರ ಕೈಯಿಂದ ಮೈಕು ತೆಗೆದುಕೊಂಡರು.

"ನಿಮ್ಮ ಕಾರ್ಯಕ್ರಮ ಏನಿದ್ರೂ ಆಮೇಲೆ ಮಾಡ್ಕೊಳ್ಳಿ. ಮೊದಲು ಈ ಅಣ್ಣನ ವಿಷಯ. ನಾನು ಇಲ್ಲಿಗೆ ಸೇರಿದಾಗಿಂದ ನಮ್ಮ ಒಬ್ಬ ರೋಗೀನೂ ಒದ್ದೆ ಚಾದರದ ಮೇಲೆ ಮಲಗಿಲ್ಲ. ಬೈಸಿಕೊಂಡ ಹುಡುಗೀರು ಎಲ್ಲಿ ಹೋಗಿ ಅಳ್ತಾರೆ ಗೊತ್ತಾ ಡಾಕ್ಟ್ರೇ? ಈ ಅಣ್ಣನ ಸ್ಟೋರಲ್ಲಿ. ಬೆಚ್ಚಗಿರೋ ಬಟ್ಟೆ ರಾಶಿ ಮೇಲೆ ಕೂರಿಸಿ ಕಾಫಿ ಕೊಡ್ತಾರೆ, ಯಾಕೆ ಅಂತ ಕೇಳಲ್ಲ. ನಾನೂ ಕೂತು ಅತ್ತಿದೀನಿ. ಇಂಥವರನ್ನ ಕಿತ್ತು ಬಾಗಿಲಲ್ಲಿ ಕೂರಿಸ್ತೀರಾ? ಆ ಜಾಗ ಇವರ ಜೀವ."

ದೊಡ್ಡ ಡಾಕ್ಟರು ಚಾದರಣ್ಣನ ಮುಖ ನೋಡಿದರು. ಅವನು ಎರಡೂ ಕೈಯಲ್ಲಿ ಬೇಡ ಬೇಡ ಎಂದು ಸನ್ನೆ ಮಾಡಿದ.

"ನೋಡಿ, ಬೇಡ ಅಂತಿದಾರೆ. ದುಃಖಕ್ಕೆ ಮಾತೇ ಹೊರಡ್ತಿಲ್ಲ" ಎಂದರು ದೊಡ್ಡಕ್ಕ.

"ಇವತ್ತು ನೀವು ಕೇಳಿದ್ದನ್ನ ಇಲ್ಲ ಅನ್ನೋಕಾಗುತ್ತಾ ತಾಯಿ?" ದೊಡ್ಡ ಡಾಕ್ಟರು ಮೈಕು ವಾಪಸ್ ತೆಗೆದುಕೊಂಡು ಅದರಲ್ಲೇ ಘೋಷಿಸಿದರು. "ಇವರು ನಿವೃತ್ತಿ ಆಗೋವರೆಗೂ ನೆಲಮಾಳಿಗೆಯಲ್ಲೇ. ಯಾರೂ ಅಲ್ಲಾಡಿಸೋ ಹಾಗಿಲ್ಲ."

ಸಭಾಂಗಣ ಬಿದ್ದುಹೋಗುವಂಥ ಚಪ್ಪಾಳೆ. ಆಮೇಲೆ ವೇದಿಕೆಯ ಮೇಲೆ ಮುಚ್ಚಿಟ್ಟಿದ್ದ ಸನ್ಮಾನ ಫಲಕದ ಚಾದರ ಸರಿಸಿ ತೋರಿಸಿದರು. ದೊಡ್ಡಕ್ಕ ಅದರ ಮೇಲೆ ತಮ್ಮ ಹೆಸರನ್ನು ಎರಡು ಸಲ ಓದಿದರು. ಸುಳ್ಳು ಹೇಳಿದ ಹುಡುಗಿಯರನ್ನೆಲ್ಲ ಮೇಲೆ ಕರೆದು ತಬ್ಬಿಕೊಂಡು ಅತ್ತರು. ಚಾದರಣ್ಣನೂ ಅತ್ತ. ಅವನ ಕಾರಣ ಬೇರೆ.

ಸಂಜೆ ಅವನು ದೊಡ್ಡ ಡಾಕ್ಟರ ಕಾಲು ಹಿಡಿದ. "ಮೈಕಲ್ಲಿ ಹೇಳಿಬಿಟ್ಟಿದೀನಿ ಮಾರಾಯ. ಬೇಕಾದ್ರೆ ನೀನೇ ಹೋಗಿ, ನಾನು ಹೇಳಿದ್ದು ಸುಳ್ಳು ಅಂತ ದೊಡ್ಡಕ್ಕನ ಹತ್ರ ಒಪ್ಕೋ."

ಮಾರನೆಯ ಬೆಳಿಗ್ಗೆ ಒಪ್ಪಿಕೊಳ್ಳಲೆಂದೇ ಅವನು ಸ್ಟೋರಿನಿಂದ ಹೊರಟ. ಬಾಗಿಲಲ್ಲಿ ದೊಡ್ಡಕ್ಕ, ಕೈಯಲ್ಲಿ ಸುತ್ತಿಗೆ, ಮೊಳೆ, ಫಲಕ. "ಇದು ನನಗಿಂತ ನಿಮಗೇ ಸಲ್ಲಬೇಕು ಅಣ್ಣ. ಇಲ್ಲೇ ಇರಲಿ" ಎನ್ನುತ್ತ ಒದ್ದೆ ಎಮ್ಮೆಯ ನೆತ್ತಿಗೆ ಸರಿಯಾಗಿ ಮೊಳೆ ಹೊಡೆದು ನೇತುಹಾಕಿದರು. ಕಿಟಕಿ ಇದ್ದಿದ್ದರೆ ಅಲ್ಲೇ ಇರುತ್ತಿತ್ತು. ಚಾದರಣ್ಣ ಬಾಯಿ ತೆರೆದ, ಅವರ ಮುಖ ನೋಡಿದ, ಕಾಫಿಗೆ ನೀರಿಟ್ಟ.

ಕೌಂಟರಿನಲ್ಲಿ ಈಗ ವಾಚ್‌ಮನ್ನಿನ ಭಾವಮೈದುನ ಕೂತು ಬಿಸಿಲು ಜಾಸ್ತಿ ಎಂದು ಗೊಣಗುತ್ತಾನೆ.

ಕೇಳಿದಿರಲ್ಲ, ಈಗ ಇದನ್ನು ನಿಮಗೆ ಗೊತ್ತಿರುವವರಿಗೆಲ್ಲ ಕಳಿಸಿ. ಯಾರನ್ನಾದರೂ ಮೇಲಿನ ಮಹಡಿಗೆ ಹಾಕುವ ಅಧಿಕಾರ ಇರುವವರಿದ್ದರೆ ಮೊದಲು ಅವರಿಗೆ. ದೊಡ್ಡಕ್ಕನಿಗೆ ಮಾತ್ರ ಬೇಡ.