ಅರವತ್ತು ಸಿಸ್ಟರ್‌ಗಳು, ಒಬ್ಬ ಬ್ರದರ್

"ಆಸ್ಪತ್ರ್ಯಾಗ ನಗೂವಂಥಾದ್ದು ಏನಿರತದ್ರಿ?" ಅಂತ ಪುಣೆ ಹತ್ತಿರದ ನಿಗಡಿಯ ನಮ್ಮ ವಾಕಿಂಗ್ ಗೆಳೆಯರು ಕೇಳುತ್ತಾರೆ. ನಾನು ಹೇಳುವುದು ಇಷ್ಟೇ: ಅರವತ್ತು ಮಂದಿ ಸಿಸ್ಟರ್‌ಗಳಿದ್ದ ಕಡೆ ದಿನಕ್ಕೊಂದು ಪ್ರಸಂಗ ತಾನಾಗಿಯೇ ಹುಟ್ಟುತ್ತದೆ, ನಗುವುದಕ್ಕೆ ಮಾತ್ರ ನಿವೃತ್ತಿಯ ತನಕ ಕಾಯಬೇಕು.

ನಾನು ಬಾಗಲಕೋಟೆ ಕಡೆಯವ. ನರ್ಸಿಂಗ್ ಓದಿ ಪುಣೆಗೆ ಬಂದು, ಸ್ವಾರಗೇಟದ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದವ. ಗಂಡು ನರ್ಸಿಗೆ ಅಲ್ಲಿ 'ಬ್ರದರ್' ಅನ್ನುತ್ತಾರೆ. ನರ್ಸುಗಳ ಮುಖ್ಯಸ್ಥೆಯಾಗಿದ್ದ ನಮ್ಮ ಮೇಟ್ರನ್ ಬಾಯಿ ನಿವೃತ್ತರಾದಾಗ ಆಸ್ಪತ್ರೆಯ ಮಾಲೀಕರಾದ ದೊಡ್ಡ ಡಾಕ್ಟರು ನನ್ನನ್ನು ಕರೆದರು. "ದೀಪಾವಳಿ ತನಕ ಅವರ ಕುರ್ಚಿಯಲ್ಲಿ ನೀವು ಕೂತು ನೋಡಿ. ಸಂಭಾಳಿಸಿದರೆ ಕಾಯಂ. ಇಲ್ಲದಿದ್ದರೆ ಹೊರಗಿನವರನ್ನು ತರುತ್ತೇವೆ."

ಮನೆಗೆ ಬಂದು ಇದನ್ನು ಹೇಳಿದೆ. ನನ್ನ ಹೆಂಡತಿ 'ಕಾಯಂ' ಅನ್ನುವುದೊಂದನ್ನೇ ಹಿಡಿದುಕೊಂಡು, ಸಂಜೆಯೊಳಗೆ ನಮ್ಮ ಇಡೀ ಅಪಾರ್ಟ್‌ಮೆಂಟ್ ಸೊಸಾಯಿಟಿಗೆ ಪೇಢೆ ಹಂಚಿಬಿಟ್ಟಳು! ಇನ್ನು ಹುದ್ದೆ ಹೋದರೆ ಪೇಢೆ ತಿಂದ ಆ ಮುಖಗಳನ್ನು ಲಿಫ್ಟಿನಲ್ಲಿ ಹೇಗೆ ನೋಡಲಿ ಹೇಳಿ. ಹೀಗಾಗಿ ಆ ಕುರ್ಚಿ ನನಗೆ ಬೇಕೇ ಬೇಕಾಯಿತು.

೧. ಎಳನೀರು

ಮೊದಲ ದಿನವೇ ಒಬ್ಬ ಅಜ್ಜ ಸಿಟ್ಟಿನಿಂದ ಒಳಗೆ ನುಗ್ಗಿದರು. ಅಪ್ಪಟ ಪುಣೆಯವರು. ಅವರ ಹೆಂಡತಿ ಮೂರನೇ ಮಹಡಿಯಲ್ಲಿ ದಾಖಲಾಗಿದ್ದರು.

"ಮೇಟ್ರನ್ ಬಾಯಿ ಎಲ್ಲಿ?" ಅಂದರು ಮರಾಠಿಯಲ್ಲಿ.

"ಹೇಳಿ, ಏನಾಗಬೇಕು?"

"ನಿಮಗಲ್ಲ, ಅವರಿಗೇ ಹೇಳಬೇಕು. ಊಟಕ್ಕೆ ಹೋಗಿದ್ದರೆ ಕಾಯುತ್ತೇನೆ." ಕೂತೇಬಿಟ್ಟರು. ನಾನು ಗಂಟಲು ಸರಿಮಾಡಿಕೊಂಡು, "ಈಗ ಮೇಟ್ರನ್ ಅಂದರೆ ನಾನೇ" ಅಂದೆ.

ಅಜ್ಜ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. "ಇಷ್ಟೂ ಸಿಸ್ಟರ್‌ಗಳು ನಿಮ್ಮ ಮಾತು ಕೇಳಬೇಕೇ?"

"ಹೌದು. ಕೇಳಬೇಕು."

"ಅಯ್ಯೋ ಪಾಪ! ನನಗೆ ಮನೆಯಲ್ಲಿ ಒಬ್ಬಳನ್ನೇ ಸಂಭಾಳಿಸಲಿಕ್ಕೆ ಆಗಲಿಲ್ಲ." ಅವರ ಸಿಟ್ಟೆಲ್ಲ ಇಳಿದುಹೋಯಿತು. ದೂರು ಏನಿತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ. ಹೆಂಡತಿಗೆಂದು ತಂದಿದ್ದ ಎಳನೀರನ್ನು ನನ್ನ ಮೇಜಿನ ಮೇಲಿಟ್ಟು, "ಅವಳಿಗಿಂತ ನಿಮಗೇ ಇದು ಹೆಚ್ಚು ಬೇಕು" ಅಂತ ಹೇಳಿ ಹೋದರು.

೨. ಗಣಪತಿಯ ಡ್ಯೂಟಿ

ನರ್ಸುಗಳ ಮುಖ್ಯಸ್ಥನಿಗೆ ಕಷ್ಟದ ಕಾಲ ಅಂದರೆ ಡೆಂಗ್ಯೂ ಹಬ್ಬಿದ ಕಾಲವಲ್ಲ, ಹಬ್ಬದ ಕಾಲ. ಪುಣೆಯಲ್ಲಿ ಗಣಪತಿ ಬಂತೆಂದರೆ ರಜೆ ಬೇಡವೆನ್ನುವ ಸಿಸ್ಟರ್ ಹುಟ್ಟಿಲ್ಲ. ನನ್ನ ಸುತ್ತ ರಜೆ ಕೇಳುವವರ ಗದ್ದಲ, ಬೀದಿಯ ಗಣಪತಿ ಮಂಡಳಿಗಳ ಸ್ಪೀಕರ್ ಮೀರಿಸುವಂಥದು.

ಆಗ ಐಸಿಯುದ ಹಿರಿಯ ಸಿಸ್ಟರ್ ಒಂದು ಉಪಾಯ ಹೇಳಿದರು. ಅವರು ವಿಜಯಪುರ ಕಡೆಯವರು. ವಯಸ್ಸಿನಲ್ಲಿ ನನಗಿಂತ ಸಣ್ಣವರು, ದನಿಯಲ್ಲಿ ಮಾತ್ರ ದೊಡ್ಡವರು. ನನ್ನನ್ನು 'ಅಣ್ಣಾರ' ಅಂತ ಕರೆಯುತ್ತಿದ್ದರು. ದೊಡ್ಡ ಡಾಕ್ಟರು ಮೊದಲು ಅವರಿಗೇ ಈ ಕುರ್ಚಿ ಕೊಡಲು ಹೋದಾಗ "ರಜಾ ಹಂಚೂ ಕೆಲಸ ನನ್ನ ವೈರಿಗೂ ಬ್ಯಾಡ್ರಿ" ಅಂದವರು.

"ಹಿಂಗ ಮಾಡ್ರಿ ಅಣ್ಣಾರ. ಮನ್ಯಾಗ ಒಂದೂವರೆ ದಿನದ ಗಣಪ್ಪ ಇದ್ದವರಿಗೆ ಒಂದೂವರೆ ದಿನ ರಜಾ. ಐದು ದಿನದ್ದು ಇದ್ದರ ಎರಡು ದಿನ. ಹತ್ತು ದಿನ ಕೂಡಿಸೋರಿಗೆ ಮೂರು ದಿನ ಕೊಡ್ರಿ. ದೇವರ ಲೆಕ್ಕ, ಯಾರೂ ತಕರಾರು ಮಾಡಂಗಿಲ್ಲ."

ಎಂಥ ನ್ಯಾಯ! ಅವತ್ತೇ ಜಾಹೀರು ಮಾಡಿದೆ. ನಿಜಕ್ಕೂ ಯಾರೂ ತಕರಾರು ಮಾಡಲಿಲ್ಲ. ಆ ವರ್ಷ ನಮ್ಮ ಸಿಸ್ಟರ್‌ಗಳ ಮನೆಯ ಒಂದೂವರೆ ದಿನದ ಗಣಪತಿಗಳೆಲ್ಲ ಮನಸ್ಸು ಬದಲಿಸಿ ಹತ್ತು ದಿನ ಕೂತರು, ಅಷ್ಟೇ. ಜಾಹೀರು ಮಾಡಿದ ದಿನ ಸಂಜೆ ಹೊತ್ತಿಗೆ ಕೇರಳದ ಕ್ರಿಶ್ಚಿಯನ್ ಸಿಸ್ಟರ್ ಒಬ್ಬಾಕೆ ನಾಚುತ್ತ ಬಂದು ನಿಂತಳು. "ಸರ್, ಈ ವರ್ಷ ನಮ್ಮ ಮನೆಯಲ್ಲೂ ಒಂದು ಗಣಪತಿ ಕೂಡಿಸೋಣ ಅಂತ."

೩. ದೊಡ್ಡ ಡಾಕ್ಟರ ಕಾಲು

ಯಾವ ಆಸ್ಪತ್ರೆಯಲ್ಲೂ ಒಂದು ವಾರ್ಡಿನವರು ತಮ್ಮ ಗಾಲಿಕುರ್ಚಿಯನ್ನು ಇನ್ನೊಂದು ವಾರ್ಡಿಗೆ ಕೊಡುವುದಿಲ್ಲ. ಕೊಟ್ಟರೆ ತಿರುಗಿ ಬರುವುದಿಲ್ಲವಲ್ಲ, ಬಂದರೂ ಒಂದು ಗಾಲಿ ಕಡಿಮೆ. ನಮ್ಮಲ್ಲಂತೂ ಅವನ್ನು ಬಚ್ಚಿಡುವುದು ಒಂದು ಕಲೆಯೇ ಆಗಿತ್ತು. ಇದನ್ನು ನಿಲ್ಲಿಸಿದ್ದೇನೆ ಅಂತ ದೊಡ್ಡ ಡಾಕ್ಟರ ಮುಂದೆ ಜಂಬ ಕೊಚ್ಚಿಕೊಂಡ ಮರುದಿನವೇ ಅವರು ಮೆಟ್ಟಿಲ ಮೇಲೆ ಕಾಲು ಉಳುಕಿಸಿಕೊಂಡರು.

ನಾನು ವಾರ್ಡುಗಳಿಗೆ ಫೋನು ಮಾಡಿದೆ. "ಗಾಲಿಕುರ್ಚಿ ಕಳಿಸ್ರಿ!" ಒಂದೇ ಉತ್ತರ: "ನಮ್ಮಲ್ಲಿ ಇಲ್ಲ ಸರ್, ಪಕ್ಕದ ವಾರ್ಡಿಗೆ ಕೇಳಿ." ಕೊನೆಗೆ ಮಾಲೀಕರು ತಮ್ಮದೇ ಆಸ್ಪತ್ರೆಯಲ್ಲಿ ಕ್ಯಾಂಟೀನಿನ ಊಟದ ಗಾಡಿಯ ಮೇಲೆ, ಚಪಾತಿ ಡಬ್ಬಿಯ ಪಕ್ಕ ಕೂತು ಎಕ್ಸ್‌ರೇಗೆ ಹೋದರು. ದಾರಿಯಲ್ಲಿ ರೋಗಿಯೊಬ್ಬ ಅವರನ್ನೇ ಕೇಳಿದ: "ಇವತ್ತು ಪಲ್ಯ ಏನು?"

೪. ನಂಬಿಕೆಯ ಪಾಠ

ಕಾಲಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತಲೇ ದೊಡ್ಡ ಡಾಕ್ಟರು, "ನಿಮಗೆ ನಾಯಕತ್ವದ ತರಬೇತಿ ಬೇಕು" ಅಂದರು. "ಒಬ್ಬರನ್ನು ಕರೆಸುತ್ತೇನೆ. ನಿಮ್ಮನ್ನು ಇಟ್ಟುಕೊಳ್ಳಬೇಕೋ ಬೇಡವೋ ಅವರೇ ಹೇಳಲಿ."

ಬಂದವ ಬೆಂಗಳೂರಿನ ಹುಡುಗ. ಹಿಂಜೆವಾಡಿಯ ಐಟಿ ಕಂಪನಿಗಳಲ್ಲಿ ಪಾಠ ಮಾಡುವವ. ನಾನೂ ಕನ್ನಡಿಗ ಅಂತ ತಿಳಿದು ಖುಷಿಪಟ್ಟ. ಮೇಲಿನ ಹಾಲಿನಲ್ಲಿ ಜಮಖಾನೆ ಹಾಸಿ, ಐಸಿಯು ಸಿಸ್ಟರೂ ಸೇರಿ ಹತ್ತು ಮಂದಿಯನ್ನು ಸುತ್ತ ನಿಲ್ಲಿಸಿದ.

"ಸರ್, ಇದು ತುಂಬಾ ಸಿಂಪಲ್. ನಾನು ಕಣ್ಣು ಮುಚ್ಕೊಂಡು ಹಿಂದಕ್ಕೆ ಬೀಳ್ತೀನಿ. ಟೀಮ್ ನನ್ನನ್ನ ಹಿಡ್ಕೊಳುತ್ತೆ. ಟ್ರಸ್ಟ್! ಐಟಿಯಲ್ಲಿ ಸೂಪರ್ ಹಿಟ್ ಇದು."

ಬಿದ್ದ.

ಈಗ ನೀವೇ ಹೇಳಿ. ಎದುರಿಗೆ ಒಬ್ಬ ದೊಪ್ಪನೆ ಬೀಳುತ್ತಿದ್ದರೆ ನರ್ಸುಗಳಿಗೆ ವರ್ಷಗಟ್ಟಲೆ ನಾವು ಕಲಿಸಿದ್ದೇನು? ಗುಂಪುಗೂಡಬೇಡಿ, ಗಾಳಿ ಬಿಡಿ. ಹತ್ತೂ ಮಂದಿ ಒಂದೇ ಹೆಜ್ಜೆಯಲ್ಲಿ ಹಿಂದೆ ಸರಿದರು. ಆ ಶಿಸ್ತು ಪುಣೆಯ ಖಡಕಿ ಕಂಟೋನ್ಮೆಂಟಿನ ಮಿಲಿಟರಿಯವರಲ್ಲೂ ನಾನು ಕಂಡಿಲ್ಲ. ಪಾಪ, ಹುಡುಗ ಅಂಗಾತ ನೆಲಕ್ಕೆ ಬಿದ್ದ.

ಮುಂದಿನದು ಕಣ್ಣು ಮಿಟುಕಿಸುವುದರೊಳಗೆ ನಡೆಯಿತು. ಒಬ್ಬಳು ನಾಡಿ ಹಿಡಿದಳು, ಒಬ್ಬಳು ಕಣ್ಣಿಗೆ ಟಾರ್ಚ್ ಬಿಟ್ಟಳು, ಇಬ್ಬರು ಸ್ಟ್ರೆಚರ್‌ಗೆ ಓಡಿದರು. "ಐ ಆಮ್ ಫೈನ್!" ಅಂತ ಏಳಲು ಹೋದವನ ಎದೆಯ ಮೇಲೆ ಐಸಿಯು ಸಿಸ್ಟರ್ ಕೈಯಿಟ್ಟರು.

"ಸುಮ್ನ ಮಲಕೋ ತಮ್ಮಾ. ತಲಿಗೆ ಪೆಟ್ಟು ಬಿದ್ದವರೆಲ್ಲಾ ಹಿಂಗ ಅಂತಾರ."

"ಸರ್, ನೀವಾದ್ರೂ ಹೇಳಿ ಸರ್!"

"ಬಿಡ್ರಿ ಅವರನ್ನ" ಅಂದೆ. ಯಾರು ಕೇಳಬೇಕು? "ಡಾಕ್ಟರ್ ನೋಡೂತನಕಾ ಬಿಡಂಗಿಲ್ಲ ಅಣ್ಣಾರ, ನೀವು ದಾರಿ ಬಿಡ್ರಿ!" ಸ್ಟ್ರೆಚರ್ ನನ್ನನ್ನು ಸವರಿಕೊಂಡೇ ಹೋಯಿತು. ನನ್ನ ಹುದ್ದೆಯೂ ಅದರ ಮೇಲೇ ಮಲಗಿ ಹೋಯಿತು ಅಂದುಕೊಂಡೆ.

ಸಂಜೆ ದೊಡ್ಡ ಡಾಕ್ಟರು ಕುಂಟುತ್ತ ವಾರ್ಡಿಗೆ ಬಂದರು. ಹಿಂದೆ ನಾನು. ಹುಡುಗನ ಕುತ್ತಿಗೆಗೆ ಪಟ್ಟಿ. ಏನೂ ಆಗಿಲ್ಲವೆಂದು ವರದಿ ಬಂದಿದ್ದರೂ ರಾತ್ರಿಯ ತನಕ ಇರಲೇಬೇಕೆಂದು ಐಸಿಯು ಸಿಸ್ಟರ ಅಪ್ಪಣೆ. ಡಾಕ್ಟರು ನೇರವಾಗಿ ಕೇಳಿದರು: "ನಿಮ್ಮ ಅಭಿಪ್ರಾಯ ಹೇಳಿ. ಇವರ ಮಾತನ್ನು ಸಿಸ್ಟರ್‌ಗಳು ಕೇಳುತ್ತಾರೆಯೇ?"

ಹುಡುಗ ನನ್ನನ್ನು ನೋಡಿದ. ಕಾಲ್ದೆಸೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಸಿಸ್ಟರನ್ನು ನೋಡಿದ.

"ಇಲ್ಲ ಸರ್, ಕೇಳಲ್ಲ. ಆದರೆ ಪೇಶಂಟ್ ಬಿದ್ರೆ ಯಾರೂ ಹೇಳೋದೇ ಬೇಕಾಗಿಲ್ಲ ಇವರಿಗೆ. ಇಂಥ ಟೀಮ್ ನಾನು ಎಲ್ಲೂ ನೋಡಿಲ್ಲ. ಈ ಬ್ರದರನ್ನೇ ಕಾಯಂ ಮಾಡಿ. ಹೊರಗಿನವರನ್ನ ತಂದ್ರೆ ಅವರಿಗೆ ಅಂತ ನನ್ನ ಪಕ್ಕದ ಬೆಡ್ ಖಾಲಿ ಇಡಬೇಕಾಗುತ್ತೆ."

ದೊಡ್ಡ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲೇ ನನ್ನ ಕೈ ಕುಲುಕಿ, "ಇವತ್ತಿನಿಂದ ನೀವೇ ಮುಖ್ಯಸ್ಥರು. ಈ ಆಸ್ಪತ್ರೆಯ ಸಿಸ್ಟರ್‌ಗಳೆಲ್ಲ ನಿಮ್ಮ ಹುಕುಮಿನಲ್ಲಿ" ಅಂದರು. ನಾನು ಎದೆ ಸೆಟೆಸಿ ಎರಡು ಮಾತಾಡಲು ಬಾಯಿ ತೆಗೆದೆ.

"ಭಾಳ ಸಂತೋಷ ಆತು ಅಣ್ಣಾರ" ಅಂದರು ಐಸಿಯು ಸಿಸ್ಟರ್. "ಈಗ ಇಬ್ಬರೂ ಹೊರಗ ನಡೀರಿ. ಭೆಟ್ಟಿ ಟೈಮ್ ಮುಗದದ."

ನಡೆದೆವು, ಮಾಲೀಕರು ಮುಂದೆ, ಮುಖ್ಯಸ್ಥ ಹಿಂದೆ.