ಒಂಟಿ ಗಾಲಿಯ ಅಳಿಯ

"ಇದು ನಿಮ್ಮ ಕೈಲಾಗಲ್ಲ" ಎಂಬ ಮಾತನ್ನು ದೇವೀರಪ್ಪ ಮೇಷ್ಟ್ರ ಎದುರಿಗೆ ಯಾರೂ ಆಡಬಾರದಿತ್ತು. ಆಡಿದರೆ ಮುಗಿಯಿತು, ಆಗದ ಆ ಕೆಲಸವನ್ನು ಅವರು ಅಲ್ಲೇ ಶುರುಮಾಡಿಬಿಡುತ್ತಿದ್ದರು. ಅರಸೀಕೆರೆಗೆ ಸರ್ಕಸ್ ಬಂದಿದ್ದಾಗ ಈ ಮಾತು ಆಡಿದವಳು ಅವರ ಹೊಸ ಹೆಂಡತಿ ಕಮಲಾಕ್ಷಿ. ಡೇರೆಯೊಳಗೆ ಹುಡುಗಿಯೊಬ್ಬಳು ಒಂಟಿ ಗಾಲಿಯ ಸೈಕಲ್ ಮೇಲೆ ಕೂತು, ತಲೆಯ ಮೇಲೆ ಕಾಫಿ ಲೋಟ ಇಟ್ಟುಕೊಂಡು ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದಳು. ಮೇಷ್ಟ್ರು ಕಡಲೆಕಾಯಿ ಸಿಪ್ಪೆ ಊದುತ್ತಾ, "ಇದೇನು ಮಹಾ!" ಅಂದರು. ಕಮಲಾಕ್ಷಿ ಸುಮ್ಮನಿರಬಹುದಾಗಿತ್ತು. ಇರಲಿಲ್ಲ.

ಹಳೇಬೀಡಿಗೆ ಮರಳಿದ ವಾರವೇ ಮೇಷ್ಟ್ರ ಸೈಕಲ್ಲಿನ ಮುಂದಿನ ಚಕ್ರ ಬಸ್ಸಿನ ಕೆಳಗೆ ಹೋಯಿತು. ನಿಂತ ಬಸ್ಸಿನ ಬೆನ್ನಿಗೆ ಸೈಕಲ್ ಒರಗಿಸಿ ಎಲೆಅಡಿಕೆ ಕೊಳ್ಳಲು ಹೋದವರು ಮೇಷ್ಟ್ರೇ ಆದ್ದರಿಂದ ಯಾರನ್ನೂ ಬೈಯುವಂತಿರಲಿಲ್ಲ. ಸೈಕಲ್ ಶಾಪಿನ ಲಕ್ಕಪ್ಪ ಉಳಿದ ಅರ್ಧವನ್ನು ತಿರುವಿ ಮುರುವಿ ನೋಡಿ, "ಮುಂದ್ಲುದ್ದು ಸತ್ತೋಯ್ತು ಸಾ. ಹಿಂದ್ಲುದ್ರಲ್ಲಿ ಒಂದು ಸರ್ಕಸ್ ಗಾಡಿ ಆಯ್ತದೆ. ಮಾಡ್ಲಾ?" ಅಂದ. ಮೇಷ್ಟ್ರು ಸುತ್ತ ನೋಡಿ, ಹೆಂಡತಿ ಹತ್ತಿರದಲ್ಲಿಲ್ಲವೆಂದು ಖಚಿತಪಡಿಸಿಕೊಂಡು, "ಮಾಡು" ಅಂದರು.

ಕಲಿತದ್ದು ಕೆರೆ ಏರಿಯ ಮೇಲೆ. ಕೆರೆಗೆ ಬಿದ್ದರು, ತಿಪ್ಪೆಗೆ ಬಿದ್ದರು, ಒಮ್ಮೆ ಪಕ್ಕದ ಮನೆಯ ಹನುಮಂತಯ್ಯನವರ ಮೇಲೇ ಬಿದ್ದರು. ನಾವು ಹಳೇಬೀಡಿನವರು, ಎರಡು ಗಾಲಿಯ ಸೈಕಲ್ಲನ್ನೂ ನೆಟ್ಟಗೆ ತುಳಿಯಲಾರದವರು, ಏರಿಯ ಎರಡೂ ಕಡೆ ನಿಂತು ಒಂದು ಗಾಲಿಯನ್ನು ಹೇಗೆ ತುಳಿಯಬೇಕೆಂದು ಅವರಿಗೆ ಪಾಠ ಹೇಳಿದೆವು. ನಮ್ಮ ಪಾಠವನ್ನೂ ಮೀರಿ ಮೇಷ್ಟ್ರು ಕಲಿತರು. ಮಳೆಗಾಲ ಮುಗಿಯುವ ಹೊತ್ತಿಗೆ ಕಂಬ ಹಿಡಿಯದೆ ಹತ್ತುವುದು, ನಿಂತಲ್ಲೇ ಹಿಂದೆ ಮುಂದೆ ಜೀಕುತ್ತಾ ಎದುರಿನವರ ಕ್ಷೇಮ ವಿಚಾರಿಸುವುದು, ಒಂದು ಗಾಡಿಯುದ್ದ ಹಿಂದಕ್ಕೆ ಹೋಗುವುದು ಎಲ್ಲ ಬಂತು. ಒಂದೇ ಒಂದು ಬರಲಿಲ್ಲ. ಗಾಡಿ ಎಡಕ್ಕೆ ಮಾತ್ರ ತಿರುಗುತ್ತಿತ್ತು. ಬಲಕ್ಕೆ ಹೋಗಬೇಕಾದರೆ ಎಡಕ್ಕೇ ತಿರುಗಿ ತಿರುಗಿ ಊರು ಸುತ್ತಿ ಬರಬೇಕು.

ಇದರಿಂದ ಹನುಮಂತಯ್ಯನವರಿಗೆ ನಿದ್ದೆ ಕೆಟ್ಟಿತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದ ಮೇಲೆ ಅವರು ಇಡೀ ಬೀದಿಯನ್ನೇ ಕಚೇರಿ ಮಾಡಿಕೊಂಡಿದ್ದರು.

"ಮೇಷ್ಟ್ರೇ, ದೇವಸ್ಥಾನಾನ ಎಡಕ್ಕೆ ಸುತ್ತಿದ್ರೆ ಅಪ್ರದಕ್ಷಿಣೆ ಕಣ್ರೀ! ಊರಿಗೆ ಕೇಡು!"

"ನಾನೆಲ್ಲಿ ಸುತ್ತುತೀನಿ ಸ್ವಾಮಿ, ಅದು ನನ್ನನ್ನ ಸುತ್ತಿಸುತ್ತೆ" ಎನ್ನುತ್ತಾ ಮೇಷ್ಟ್ರು ಮತ್ತೆ ಎಡಕ್ಕೇ ಹೋಗುತ್ತಿದ್ದರು.

ಹೊರಗೆ ನಗುತ್ತಿದ್ದರೂ ಅವರ ಒಳಗೊಂದು ಸಂಕಟವಿತ್ತು. ಮದುವೆಯಾದ ಹೊಸದರಲ್ಲಿ ಅವರು ಕಮಲಾಕ್ಷಿಗೆ ಮಾತು ಕೊಟ್ಟಿದ್ದರು: ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಏರಿಯ ಮೇಲೆ ಹಾದು ಬೇಲೂರಿನ ಟೆಂಟ್ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು. ಅವಳು ಅದಕ್ಕೆಂದೇ ಒಂದು ಹಸಿರು ಸೀರೆ ಎತ್ತಿಟ್ಟಿದ್ದಳು. ಒಂಟಿ ಗಾಲಿಗೆ ಕ್ಯಾರಿಯರ್ ಎಲ್ಲಿಂದ ಬರಬೇಕು? ಈಗ ಉಳಿದ ಆಸೆಯೆಲ್ಲ ಮಾವ ಷಡಕ್ಷರಪ್ಪನವರ ಮೇಲೆ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಅವರು ದೀಪಾವಳಿಗೆ ಅಳಿಯನಿಗೆ ಸೈಕಲ್ ಕೊಡುತ್ತೇನೆಂದು ಮದುವೆಯ ದಿನವೇ ಹೇಳಿದ್ದರು.

ಹಬ್ಬ ಹತ್ತಿರವಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಬಸ್ ಕಂಡಕ್ಟರ್ ನಂಜಪ್ಪ ಫುಟ್‌ಬೋರ್ಡಿನಿಂದಲೇ ಕೂಗಿದ:

"ಮೇಷ್ಟ್ರೇ, ನಿಮ್ ಮಾವನೋರು ಮಧ್ಯಾನದ ಬಸ್ಸಿಗೆ ಬತ್ತಾವ್ರೆ! ಸೈಕಲ್ಲೂ ಬತ್ತೈತೆ! ಆದ್ರೆ ಒಂದೇಯ!"

"ಒಂದೇ ತಾನೆ ಬೇಕಾಗಿರೋದು?"

"ನಿಮ್ಗೆ ಒಂದು ಸಾಕು. ಅವ್ರಿಗೆ ಅಳೀಂದ್ರು ಮೂರು ಜನ ಅಲ್ವ್ರಾ! ಗಂಡಸಿ ಊರೋರೂ ಕೇಳವ್ರೆ, ಬೇಲೂರೋರೂ ಕೇಳವ್ರೆ. ಯಾರು ಜಾಸ್ತಿ ಕಷ್ಟ ಪಡ್ತಾವ್ರೋ ನೋಡಿ ಅವ್ರಿಗೆ ಕೊಡ್ತೀನಿ ಅಂದವ್ರೆ. ಗಂಡಸೀದು ನೋಡಾಯ್ತು. ಇವತ್ತು ನಿಮ್ದು ನೋಡ್ಕಂಡು, ಅದೇ ಬಸ್ಸಲ್ಲಿ ಬೇಲೂರಿಗೆ ಹೋಯ್ತಾರೆ."

ಬಸ್ಸು ಹೋಯಿತು, ಹನುಮಂತಯ್ಯನವರು ಬಂದರು. "ಕಷ್ಟ ಕಾಣ್ಬೇಕು ಮೇಷ್ಟ್ರೇ, ಕಷ್ಟ! ನಿಮ್ಮ ಹುಲಿಕೆರೆ ಸ್ಕೂಲಿಗೆ ದಿನಾ ನಡೆದೂ ನಡೆದೂ ಕಾಲು ಹೋಗಿದೆ ಅಂತ ಕಾಣ್ಬೇಕು. ಎಲ್ಲಿ, ಒಂದು ಹಳೇ ಬಟ್ಟೆ ತನ್ನಿ."

ಜಗುಲಿಯ ಮೇಲೆ ಕೂರಿಸಿ ಮೇಷ್ಟ್ರ ಬಲಗಾಲಿಗೆ ಅರಿಸಿನ ಹಚ್ಚಿ ಪಟ್ಟಿ ಕಟ್ಟಿದರು. ಮೇಲೊಂದಿಷ್ಟು ಕೆಂಪು ಶಾಯಿ ಚಿಮುಕಿಸಿದರು. ಆಮೇಲೆ ಕುಂಟುವ ಅಭ್ಯಾಸ ನಡೆಯಿತು. ನಾವೆಲ್ಲ ನೋಡಿ ತೀರ್ಪು ಕೊಡುತ್ತಿದ್ದೆವು.

"ಸ್ವಲ್ಪ ನರಳಿ."

"ಅಷ್ಟು ಬೇಡಿ, ಹೆರಿಗೆ ನೋವಲ್ಲ!"

"ಮೇಷ್ಟ್ರೇ, ಕಾಲು ಬದಲಾಯ್ತು! ಪಟ್ಟಿ ಬಲಗಾಲಿಗಿದೆ!"

ಬಾಗಿಲಲ್ಲಿ ನಿಂತಿದ್ದ ಕಮಲಾಕ್ಷಿ ಹಣೆ ಚಚ್ಚಿಕೊಂಡಳು. "ನಮ್ಮಪ್ಪ ಕಾಯಿ ಒಡೀದೇನೆ ಒಳಗಿನ ಕೊಬ್ಬರಿ ಹೇಳೋರು. ಅವರ ಮುಂದೆ ನಿಮ್ಮ ನಾಟಕ! ಮೊದ್ಲು ಆ ಒಂಟಿ ಗಾಲೀನ ಎಲ್ಲಾದ್ರೂ ಬಚ್ಚಿಟ್ಟು ಬನ್ನಿ. ಅದನ್ನ ನೋಡಿದ್ರೆ, ಇವನಿಗೇನು ಕಷ್ಟ, ಆಟ ಆಡ್ಕೊಂಡಿದಾನೆ ಅಂತಾರೆ."

ಮಾತು ಸರಿಯಾಗಿತ್ತು. ಮೇಷ್ಟ್ರು ಒಂಟಿ ಗಾಲಿಯನ್ನು ಗೋಣಿಚೀಲದಲ್ಲಿ ಸುತ್ತಿ, ಕುಂಟುತ್ತಾ, ದಾರಿಯಲ್ಲಿ ಇನ್ನೊಮ್ಮೆ ಕಾಲು ಬದಲಾಯಿಸಿಕೊಂಡು ಲಕ್ಕಪ್ಪನ ಶಾಪಿಗೆ ಹೋದರು. ಹಿಂದೆ ಹನುಮಂತಯ್ಯನವರು, ಅವರ ಹಿಂದೆ ನಾವು.

ಸರ್ಕಸ್ಸಿನ ಹುಚ್ಚು ಈ ನಡುವೆ ಮೇಷ್ಟ್ರಿಗಿಂತ ಲಕ್ಕಪ್ಪನಿಗೇ ಹೆಚ್ಚಾಗಿತ್ತು. ಹಿಂದಿನ ತಿಂಗಳು ಮಕ್ಕಳ ಸೈಕಲ್ಲಿನ ಗಾಲಿಯಲ್ಲಿ ಒಂದು ಗಿಡ್ಡ ಗಾಡಿ ಮಾಡಿದ್ದ. ಅದನ್ನು ತುಳಿಯುವಾಗ ಮೇಷ್ಟ್ರ ಮಂಡಿ ಗದ್ದಕ್ಕೆ ಬಡಿದು ನಾಲಿಗೆ ಕಚ್ಚಿಕೊಂಡು ಎರಡು ದಿನ ಮಗ್ಗಿ ಹೇಳಿಕೊಡಲಾಗಿರಲಿಲ್ಲ. ಈಗ ಗೋಡೆಗೆ ಒರಗಿ ನಿಂತಿದ್ದುದು ಅದರ ಅಣ್ಣ. ಕೆಳಗೆ ಒಂದು ಗಾಲಿ, ಅದರ ಮೇಲೆ ಆಳೆತ್ತರದ ಕೊಳವೆ, ತುದಿಯಲ್ಲಿ ಸೀಟು, ಸೀಟಿನ ಕೆಳಗೆ ಪೆಡಲು, ಅಲ್ಲಿಂದ ಗಾಲಿಯವರೆಗೆ ಉದ್ದನೆಯ ಚೈನು. ಸರ್ಕಸ್ ಹುಡುಗಿ ಕಡೆಯ ಆಟದಲ್ಲಿ ಹತ್ತಿದ್ದು ಇಂಥದ್ದನ್ನೇ.

"ರಾತ್ರಿ ತಾನೇ ಮುಗೀತು ಸಾ" ಎಂದ ಲಕ್ಕಪ್ಪ. "ಬಸ್ಸಿಗೆ ಇನ್ನೂ ಒಂದು ಗಂಟೆ ಐತೆ. ಒಂದು ರೌಂಡು?"

ಮೇಷ್ಟ್ರು ಪಟ್ಟಿ ಕಟ್ಟಿದ ಕಾಲು ನೋಡಿಕೊಂಡರು. ಹಸಿರು ಸೀರೆಯನ್ನು ನೆನೆಸಿಕೊಂಡರು. "ಬೇಡಪ್ಪ, ಇವತ್ತು ಬೇಡ" ಅಂದರು. ಅವರ ಜೀವಮಾನದಲ್ಲಿ ಅಷ್ಟು ಬುದ್ಧಿವಂತಿಕೆಯ ಮಾತು ಅವರ ಬಾಯಿಂದ ಬಂದಿರಲಿಲ್ಲ.

"ಬಿಡೋ ಲಕ್ಕಪ್ಪ" ಎಂದರು ಹನುಮಂತಯ್ಯ, ಸಮಾಧಾನ ಮಾಡುವವರಂತೆ. "ಅದು ಅವರ ಕೈಲಾಗಲ್ಲ."

ಮುಂದಿನ ಗಳಿಗೆಯಲ್ಲಿ ಮೇಷ್ಟ್ರು ಶಾಪಿನ ಮೋಟುಗೋಡೆ ಹತ್ತಿ ಸೀಟಿನ ಮೇಲಿದ್ದರು.

ಗಾಡಿ ಹೊರಟಿತು. ಆಹಾ, ಏನು ಸುಖ! ಎಲ್ಲರ ಮನೆಯ ಹಿತ್ತಿಲೂ ಕಾಣುತ್ತಿತ್ತು, ಸೂರಿನ ಮೇಲೆ ಒಣಗಿದ ಸಂಡಿಗೆ ಕಾಣುತ್ತಿತ್ತು, ಆಚೆಗೆ ಕೆರೆಯ ನೀರು ಹೊಳೆಯುತ್ತಿತ್ತು. ತಾನು ಹುಟ್ಟಿದ್ದು ಮಗ್ಗಿ ಹೇಳಿಕೊಡಲು ಅಲ್ಲವೇ ಅಲ್ಲ ಎಂದು ಮೇಷ್ಟ್ರಿಗೆ ಅನ್ನಿಸಿತು. ಇಳಿಯುವುದು ಹೇಗೆಂದು ಲಕ್ಕಪ್ಪನನ್ನು ಕೇಳಲಿಲ್ಲವೆಂಬುದು ನೆನಪಾದದ್ದು ದೇವಸ್ಥಾನದ ಮೂಲೆಯಲ್ಲಿ.

"ಬಲಕ್ಕೆ, ಬಲಕ್ಕೆ!" ಎಂದು ಹಿಂದಿನಿಂದ ಹನುಮಂತಯ್ಯ ಪಂಚೆ ಎತ್ತಿಕೊಂಡು ಓಡಿಬಂದರು. "ಹಬ್ಬದ ಹೊತ್ತಲ್ಲಿ ಅಪ್ರದಕ್ಷಿಣೆ ಬೇಡ್ರೀ!"

ಮೇಷ್ಟ್ರು ದೇವರ ಮೇಲೆ ಭಾರ ಹಾಕಿ ಬಲಕ್ಕೆ ವಾಲಿದರು. ಗಾಲಿ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ, ನೆಟ್ಟಗೆ ಬಸ್ ನಿಲ್ಲುವ ಕಡೆಗೆ ಹೋಯಿತು. ಅದೇ ಹೊತ್ತಿಗೆ ಅರಸೀಕೆರೆ ಬಸ್ಸೂ ಬಂದು ನಿಂತಿತು. ಎಂದೂ ಹೊತ್ತಿಗೆ ಸರಿಯಾಗಿ ಬಾರದ ಬಸ್ಸು ಅಂದು ಒಂದು ಗಂಟೆ ಮುಂಚೆ ಬಂದಿತ್ತು. ಷಡಕ್ಷರಪ್ಪನವರು ಡ್ರೈವರ್ ಪಕ್ಕದಲ್ಲೇ ಕೂತು, "ಎತ್ತಿನ ಗಾಡೀಲಿ ಬಂದಿದ್ರೆ ಇಷ್ಟೊತ್ತಿಗೆ ಊಟ ಮುಗಿಸ್ತಿದ್ನಲ್ಲಪ್ಪಾ" ಎಂದು ದಾರಿಯುದ್ದಕ್ಕೂ ಚುಚ್ಚುತ್ತಾ ಬಂದಿದ್ದರಂತೆ.

ಮೇಷ್ಟ್ರು ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ಬಸ್ಸಿನ ಟಾಪಿನ ಕಂಬಿ. ಗಾಡಿ ಕಾಲ ಕೆಳಗಿನಿಂದ ಜಾರಿ ಬಿತ್ತು, ಮೇಷ್ಟ್ರು ನೇತಾಡಿದರು. ಕಣ್ಣು ಬಿಟ್ಟರೆ ಮೂಗಿನ ಮುಂದೆಯೇ ಹೊಸ ಸೈಕಲ್! ಕಂದು ಕಾಗದ ಸುತ್ತಿದ ಕಂಬಿಗಳು, ಬಿಸಿಲಿಗೆ ಫಳಫಳ ಹೊಳೆಯುವ ಕ್ಯಾರಿಯರ್. ಒಂದು ಕೈ ಬಿಟ್ಟಿದ್ದರೆ ಮುಟ್ಟಬಹುದಾಗಿತ್ತು.

ಬಸ್ಸಿನೊಳಗೆ ಷಡಕ್ಷರಪ್ಪನವರಿಗೆ ಕಿಟಕಿಯಲ್ಲಿ ಕಂಡದ್ದು ಎರಡು ಕಾಲು, ಅದರಲ್ಲಿ ಒಂದಕ್ಕೆ ಪಟ್ಟಿ.

"ಯಾರ್ಲಾ ನಂಜಪ್ಪ ಅದು? ಟಿಕೀಟು ತಗಂಡವ್ನಾ?"

"ನಿಮ್ ಅಳೀಂದ್ರು ಸಾ" ಎಂದ ನಂಜಪ್ಪ.

ನಾವು ಮೇಷ್ಟ್ರನ್ನು ಇಳಿಸಿದೆವು. ಮಾವನವರು ಬಿದ್ದಿದ್ದ ಗಾಡಿಯನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು. ಹನುಮಂತಯ್ಯನವರು ಏದುಸಿರಿನಲ್ಲೇ, "ಬಹಳ ಕಷ್ಟ ಸ್ವಾಮಿ, ನಡೆದೂ ನಡೆದೂ ಕಾಲು..." ಎಂದು ಶುರುಮಾಡಿದರು. ಅಷ್ಟರಲ್ಲಿ ಕಮಲಾಕ್ಷಿಯೂ ಬಂದು ಗಂಡನ ಹಿಂದೆ ನಿಂತಳು. ಹಸಿರು ಸೀರೆ ಉಟ್ಟಿದ್ದಳು.

"ಇರಿ ಸ್ವಾಮಿ" ಎಂದರು ಷಡಕ್ಷರಪ್ಪ. "ಅಳಿಯಂದಿರೇ, ಇದ್ರ ಮ್ಯಾಲೆ ಎಲ್ಲಿಂದ ಬಂದ್ರಿ?"

"ಲಕ್ಕಪ್ಪನ ಶಾಪಿಂದ."

"ಒಂದೇ ಗಾಲೀಲಿ?"

"ಹೂಂ" ಎಂದರು ಮೇಷ್ಟ್ರು, ಕದ್ದು ಸಿಕ್ಕಿಬಿದ್ದವರಂತೆ. "ಅದು... ಹಾಗೇ ಸುಮ್ನೆ. ಇದರಲ್ಲಿ ಹುಲಿಕೆರೆಗೆಲ್ಲ ಹೋಗೋಕಾಗಲ್ಲ ಮಾವ. ನಡೆದೇ ಹೋಗ್ಬೇಕು." ಎಂದು ಎರಡು ಹೆಜ್ಜೆ ಕುಂಟಿದರು. ಕಾಲೂ ಸರಿಯಾದದ್ದೇ ಆಗಿತ್ತು.

ಷಡಕ್ಷರಪ್ಪನವರ ಮುಖ ಮೆತ್ತಗಾಯಿತು. ಅವರು ನಂಜಪ್ಪನ ಕಡೆ ತಿರುಗಿ, "ಸೈಕಲ್ ಇಳಿಸಪ್ಪಾ" ಅಂದರು. ಕಮಲಾಕ್ಷಿ ಸೆರಗು ಸರಿಮಾಡಿಕೊಂಡಳು. ನಾವು ಉಸಿರು ಬಿಟ್ಟೆವು. ಅಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಾಗಿತ್ತು.

"ಅದೂ ನಿಜ ಬುಡಿ" ಎಂದು ಮಾವನವರು ಅಳಿಯನ ಬೆನ್ನು ತಟ್ಟಿದರು. "ಒಂದು ಗಾಲಿ ಮ್ಯಾಲೆ ಸವಾರಿ ಅಂದ್ರೇನು, ನಿಮ್ ಕೈಲೆಲ್ಲಿ ಆಯ್ತದೆ!"

ಕಮಲಾಕ್ಷಿ "ಅಯ್ಯೋ ಅಪ್ಪಾ!" ಎಂದು ಬಾಯಿ ಮುಚ್ಚುವಷ್ಟರಲ್ಲಿ ಆಗಬಾರದ್ದು ಆಗಿತ್ತು.

"ಯಾಕಾಗಲ್ಲ?" ಎಂದರು ಮೇಷ್ಟ್ರು. ಕಾಲಿನ ಪಟ್ಟಿ ಕಿತ್ತೆಸೆದರು. ಲಕ್ಕಪ್ಪನ ಶಾಪಿಗೆ ಓಡಿ ತಮ್ಮ ಹಳೆಯ ಒಂಟಿ ಗಾಲಿಯನ್ನು ತಂದರು. ಕಂಬ ಹಿಡಿಯದೆ ಹತ್ತಿದರು. ನಿಂತಲ್ಲೇ ಜೀಕುತ್ತಾ "ಪ್ರಯಾಣ ಚೆನ್ನಾಗಾಯ್ತಾ ಮಾವ?" ಎಂದು ಕೇಳಿದರು. ಹಿಂದಕ್ಕೆ ಹೋದರು, ಮುಂದಕ್ಕೆ ಬಂದರು. ದೇವಸ್ಥಾನದ ಮೂಲೆಗೆ ಹೋಗಿ, ಶಿವ ಶಿವಾ, ಬಲಕ್ಕೆ ತಿರುಗಿದರು! ನಾವು ಹುಚ್ಚೆದ್ದು ಕೂಗಿದೆವು. ಅವರು ಪ್ರದಕ್ಷಿಣೆ ಮುಗಿಸಿ ಮಾವನ ಮುಂದೆ ಬಂದು ಇಳಿದಾಗ ಹನುಮಂತಯ್ಯನವರ ಕಣ್ಣಲ್ಲಿ ನೀರಿತ್ತು.

ಷಡಕ್ಷರಪ್ಪನವರ ಕಣ್ಣಲ್ಲೂ ಇತ್ತು. ಅವರು ಅಳಿಯನ ಎರಡೂ ಕೈ ಹಿಡಿದುಕೊಂಡರು.

"ಒಂದು ಸೈಕಲ್ಲು, ಮೂರು ಜನ ಅಳಿಯಂದಿರು. ಒಬ್ರಿಗೆ ಕೊಟ್ರೆ ಇಬ್ರು ಹೆಣ್ಣುಮಕ್ಳು ಮುಖ ಊದಿಸ್ಕಂತಾರೆ ಅಂತ ಅನ್ನ ಸೇರ್ತಿರ್ಲಿಲ್ಲ ನಂಗೆ. ಶಿವ ನಿಮ್ ರೂಪದಲ್ಲಿ ದಾರಿ ತೋರಿಸ್ದ. ಹೇಳಿ ಮೇಷ್ಟ್ರೇ, ಒಂದು ಸೈಕಲ್ಲಿಗೆ ಗಾಲಿ ಎಷ್ಟು?"

"ಎರಡು" ಎಂದರು ಮೇಷ್ಟ್ರು, ಇನ್ನೂ ಬೀಗುತ್ತಾ.

"ನಿಮ್ಗೆ ಆಗ್ಲೇ ಒಂದೈತೆ. ಇನ್ನು ಉಳಿದ ಅಳಿಯಂದಿರು?"

ಮೇಷ್ಟ್ರು ಹೊಸ ಸೈಕಲ್ಲಿನ ಕಡೆ ನೋಡಿದರು. ಬೀಗಿದ ಮುಖ ಇಳಿಯತೊಡಗಿತ್ತು.

ಷಡಕ್ಷರಪ್ಪನವರು ಗುಂಪಿನಲ್ಲಿದ್ದ ಲಕ್ಕಪ್ಪನ ಕಡೆ ತಿರುಗಿದರು. "ಏನಪ್ಪಾ, ಕಬ್ಬಿಣ ಕೊಯ್ಯೋ ಗರಗಸ ಐತಾ?"

ಆ ಸಲದ ದೀಪಾವಳಿ ಮಾವನ ಮನೆಯಲ್ಲಿ ನಡೆಯಲಿಲ್ಲ. ಕಲಿಯುವವರು ಕಲಿಸುವವರ ಮನೆಯಲ್ಲೇ ಇರಬೇಕೆಂದು ಷಡಕ್ಷರಪ್ಪನವರು ಗಂಡಸಿಯ ಅಳಿಯನನ್ನೂ ಬೇಲೂರಿನ ಅಳಿಯನನ್ನೂ ಹೆಂಡಿರ ಸಮೇತ ಹಳೇಬೀಡಿಗೆ ಕಳಿಸಿಬಿಟ್ಟರು. ಷಡ್ಡಕರಿಬ್ಬರೂ ಒಬ್ಬೊಬ್ಬರು ಒಂದೊಂದು ಮೂಟೆಯ ತೂಕ. ಬೆಳಿಗ್ಗೆ ಸಂಜೆ ಕೆರೆ ಏರಿಯ ಮೇಲೆ ಇಬ್ಬರನ್ನೂ ಎಡಕ್ಕೊಬ್ಬ ಬಲಕ್ಕೊಬ್ಬನಂತೆ ಹಿಡಿದುಕೊಂಡು ಮೇಷ್ಟ್ರು ನಡುವೆ ಓಡುತ್ತಿದ್ದರು, ಅದೂ ಕಾಲ್ನಡಿಗೆಯಲ್ಲಿ. ಇಬ್ಬರೂ ಅವರ ಮೇಲೇ ಬೀಳುತ್ತಿದ್ದುದರಿಂದ ಅವರ ಬಲಗಾಲಿಗೆ ಈಗ ನಿಜವಾದ ಪಟ್ಟಿ ಬಂದಿತ್ತು. ಕುಂಟುವುದರಲ್ಲಿ ಕಾಲು ಬದಲಾಗುತ್ತಿರಲಿಲ್ಲ.

ಲಕ್ಕಪ್ಪ ಮಾತ್ರ ನಿಯತ್ತಿನ ಮನುಷ್ಯ. ಸೈಕಲ್ ಕೊಯ್ದು ಎರಡು ಮಾಡಿದ ಮೇಲೆ ಮಿಕ್ಕಿದ್ದನ್ನು ಮೇಷ್ಟ್ರ ಮನೆಗೆ ತಂದುಕೊಟ್ಟ. "ಇದು ಅವೆರಡಕ್ಕೂ ಕೂರಾಕಿಲ್ಲ ಸಾ. ನಿಮ್ಗೇ ಇರ್ಲಿ" ಅಂದ.

ಕಮಲಾಕ್ಷಿ ಅದನ್ನು ಜಗುಲಿಯ ಅಂಚಿಗೆ ಮೊಳೆ ಹೊಡೆಸಿ ಕೂರಿಸಿದಳು. ಹಬ್ಬದ ಸಂಜೆ ಹಸಿರು ಸೀರೆ ಉಟ್ಟು, ಅದರ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಮೈಯೆಲ್ಲ ಧೂಳಾಗಿ, ಕುಂಟುತ್ತಾ ಏರಿಯಿಂದ ಬಂದ ಗಂಡನನ್ನು ಕಂಡು ನಕ್ಕಳು.

"ತಪ್ಪಾಯ್ತು ಕಣ್ರೀ, ನಿಮ್ಮ ಕೈಲಾಗಲ್ಲ ಅಂದುಬಿಟ್ಟಿದ್ದೆ. ಕೊನೆಗೂ ನನ್ನನ್ನ ಕ್ಯಾರಿಯರ್ ಮೇಲೆ ಕೂರಿಸೇಬಿಟ್ರಿ."